ಎರಡು ರೂಪಾಯಿ ಚಂದಾ

ನಮ್ಮೂರಿನ ಕ್ಲಬ್ಬನ್ನು 2022ರಲ್ಲಿ ಮುಚ್ಚಿದೆವು. ‘ಕ್ಲಬ್ಬು ಮುಚ್ಚಿತು’ ಎನ್ನುವುದು ರೂಢಿಯ ಮಾತು. ಆದರೆ ಅದು ತನ್ನಷ್ಟಕ್ಕೆ ತಾನೇ ಮುಚ್ಚಿಕೊಳ್ಳಲಾರದು. ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ನೋಟೀಸು ಕೊಟ್ಟು ಸಭೆ ಕರೆಯಬೇಕು, ಸದಸ್ಯರಲ್ಲಿ ಐದರಲ್ಲಿ ಮೂರು ಪಾಲು ಜನ ‘ಮುಚ್ಚೋಣ’ ಎನ್ನಬೇಕು. ನಮ್ಮ ಪಟ್ಟಿಯಲ್ಲಿ ಆಗ ಉಳಿದಿದ್ದ ಸದಸ್ಯರು 16. ಸಭೆಗೆ ಬಂದವರು 11. ಕೈ ಎತ್ತಿದವರು 10. ಖಜಾಂಚಿಯಾದ ನಾನೂ ಎತ್ತಿದೆ. ಮೂರು ವರ್ಷ ಕ್ಲಬ್ಬಿನ ಕರೆಂಟು ಬಿಲ್ಲನ್ನು ಸ್ವಂತ ಜೇಬಿನಿಂದ ಕಟ್ಟಿದವನಿಗೆ ಬೇರೆ ದಾರಿ ಕಾಣುತ್ತಿರಲಿಲ್ಲ. ಎತ್ತದೆ ಕುಳಿತವರು ಒಬ್ಬರೇ, 87 ವರ್ಷದ ನಿವೃತ್ತ ಸುಬೇದಾರರು. “ಯಾಕೆ ಸಾರ್, ತಮ್ಮ ಅಭಿಪ್ರಾಯ ಬೇರೆಯೇ?” ಎಂದು ಅಧ್ಯಕ್ಷರು ಕೇಳಿದರು. “ಅಭಿಪ್ರಾಯ ಏನಿಲ್ಲ, ಭುಜ ನೋವು” ಎಂದರು ಅವರು.

ನಮ್ಮದು ವಿರಾಜಪೇಟೆಗೂ ಗೋಣಿಕೊಪ್ಪಲಿಗೂ ನಡುವೆ ಒಳರಸ್ತೆಯಲ್ಲಿರುವ ಊರು. ‘ನಮ್ಮದು’ ಎನ್ನುವ ಹಕ್ಕು ನನಗೆ ಬಂದದ್ದು ಆ ಕ್ಲಬ್ಬಿನಿಂದ. ಅಪ್ಪ 1968ರಲ್ಲಿ ಅರಕಲಗೂಡಿನ ಕಡೆಯಿಂದ ಶಾಲೆಯ ಮೇಷ್ಟ್ರಾಗಿ ಇಲ್ಲಿಗೆ ಬಂದರು. ಒಂದು ವರ್ಷ ಹೇಗೋ ಕಳೆದು ವರ್ಗ ಮಾಡಿಸಿಕೊಳ್ಳುವ ಲೆಕ್ಕ. ಮೊದಲ ಮಳೆಗಾಲದಲ್ಲಿ, ಹದಿನೈದು ದಿನ ಬಿಸಿಲಿನ ಮುಖ ಕಾಣದೆ ಬಟ್ಟೆಗಳೆಲ್ಲ ಬೂಷ್ಟು ಹಿಡಿದಾಗ, ಅಮ್ಮ ಟ್ರಂಕು ಕಟ್ಟಿ ಬಾಗಿಲಲ್ಲಿಟ್ಟಿದ್ದರಂತೆ. ಅದೇ ಸಂಜೆ ಪಕ್ಕದ ತೋಟದ ರೈಟರು ಬಂದು, “ಮೇಷ್ಟ್ರೇ, ಮನೆಯಲ್ಲಿ ಕೂತು ಮಳೆ ಎಣಿಸಬೇಡಿ, ಬನ್ನಿ” ಎಂದು ಅಪ್ಪನನ್ನು ಕ್ಲಬ್ಬಿಗೆ ಕರೆದೊಯ್ದರು. ರಾತ್ರಿ ಒಂಬತ್ತಕ್ಕೆ ಅಪ್ಪ ಕೇರಂನಲ್ಲಿ ನಾಲ್ಕು ಬೋರ್ಡು ಗೆದ್ದು ಮರಳಿದರು. ಟ್ರಂಕು ಒಳಗೆ ಹೋಯಿತು. ಮೂವತ್ತು ವರ್ಷದ ನಂತರ ಅಪ್ಪ ನಿವೃತ್ತರಾದದ್ದೂ ಇಲ್ಲೇ.

ಕ್ಲಬ್ಬು ನನಗಿಂತ ಹಿರಿಯದು. ಕೊಡಗು ಪ್ರತ್ಯೇಕ ‘ಸಿ’ ದರ್ಜೆಯ ರಾಜ್ಯವಾಗಿದ್ದು ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ ಹುಟ್ಟಿದ್ದು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದೊಳಗೆ ಸೇರಿದ ಮೇಲೂ ಕ್ಲಬ್ಬಿನ ಬೋರ್ಡಿನಲ್ಲಿ ‘ಕೂರ್ಗ್’ ಹಾಗೆಯೇ ಉಳಿಯಿತು. ಅದರಲ್ಲಿ ಅಭಿಮಾನವೆಷ್ಟೋ, ಪೇಂಟಿಗೆ ದುಡ್ಡಿಲ್ಲದ್ದು ಎಷ್ಟೋ! ಮಂಗಳೂರು ಹೆಂಚಿನ ಒಂದು ಹಜಾರ, ಹಿಂದೆ ಒಂದು ಸಣ್ಣ ಕೋಣೆ, ಮುಂದೆ ಶಟಲ್ ಕೋರ್ಟು. ಒಳಗೆ ಎರಡು ಕೇರಂ ಬೋರ್ಡು, ಒಂದು ಕಾಲಿಗೆ ಇಟ್ಟಿಗೆ ಕೊಟ್ಟ ಟೇಬಲ್ ಟೆನಿಸ್ ಮೇಜು, ಮರ್ಫಿ ರೇಡಿಯೊ, ಗಾಜಿನ ಬೀರುವಿನಲ್ಲಿ ಕಪ್ಪುಗಳು. ತಿಂಗಳಿಗೆ ಎರಡು ರೂಪಾಯಿ ಚಂದಾ.

ಆ ಎರಡು ರೂಪಾಯಿಯೂ ತಿಂಗಳು ತಿಂಗಳು ಬರುತ್ತಿರಲಿಲ್ಲ ಎನ್ನಿ. ಆಗ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೇ ಕೊಡಬೇಕಿತ್ತು. ಬೋರ್ಡು ಹಣವನ್ನು ಕಂತಿನಲ್ಲಿ ಕೊಡುತ್ತಿತ್ತು. ಬೋರ್ಡಿನ ಕಂತು ಬಂದರೆ ಕ್ಲಬ್ಬಿನ ಬಾಕಿ ತೀರುವುದು. ಸಂಬಳದವರಾದ ಮೇಷ್ಟ್ರು, ಪೋಸ್ಟ್ ಮಾಸ್ಟರು, ಕಾಂಪೌಂಡರು ಮಾತ್ರ ಒಂದನೇ ತಾರೀಕಿಗೆ ಕಟ್ಟುವವರು. ಹೀಗಾಗಿ ನೂರು ಎಕರೆಯ ಸಾಹುಕಾರರ ಹೆಸರು ಬಾಕಿದಾರರ ಪಟ್ಟಿಯಲ್ಲಿ, ನಮ್ಮಪ್ಪನ ಹೆಸರು ಚೊಕ್ಕ! ಸಮಾನತೆಯನ್ನು ಪುಸ್ತಕದಲ್ಲಿ ಓದುವ ಮೊದಲು ನಾನು ಅದನ್ನು ಆ ನೋಟೀಸು ಬೋರ್ಡಿನ ಮೇಲೆ ಕಂಡೆ.

ಕ್ಲಬ್ಬೆಂಬುದನ್ನು ಈ ನಾಡಿಗೆ ತಂದವರು ಬಿಳಿಯ ತೋಟಗಾರರು. ಪಾಲಿಬೆಟ್ಟದ ಬ್ಯಾಂಬೂ ಕ್ಲಬ್ಬಿನಂಥವು ಹಾಗೆ ಹುಟ್ಟಿದವು. ಅಂದಿನ ಅಂಥ ಕ್ಲಬ್ಬುಗಳ ಬಾಗಿಲು ನಮ್ಮವರಿಗೆ ತೆರೆಯುತ್ತಿದ್ದುದು ಟ್ರೇ ಹಿಡಿದು ಬಂದರೆ. ಬೆಂಗಳೂರಿನಲ್ಲಿ 1917ರಲ್ಲಿ ವಿಶ್ವೇಶ್ವರಯ್ಯನವರು ಸೆಂಚುರಿ ಕ್ಲಬ್ಬು ಕಟ್ಟಿದ ಹಿನ್ನೆಲೆಯೂ ಇದೇ. ನಮ್ಮೂರಿನ ಹಿರಿಯರು ಯಾವುದೋ ದೊಡ್ಡ ಕ್ಲಬ್ಬಿನ ನಿಯಮಾವಳಿಯನ್ನು ಸಾಲುಸಾಲಾಗಿ ನಕಲು ಮಾಡಿದ್ದರು. ‘ಸದಸ್ಯರು ಸಭ್ಯ ಪೋಷಾಕಿನಲ್ಲಿ ಬರತಕ್ಕದ್ದು’ ಎಂದು ಅದರಲ್ಲಿತ್ತು. ಬರುತ್ತಿದ್ದವರು ಗಮ್ ಬೂಟಿನಲ್ಲಿ, ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು. ನಕಲು ಮಾಡುವಾಗ ಅವರು ಬಿಟ್ಟದ್ದು ಒಂದೇ ನಿಯಮ, ಯಾರು ಸೇರಕೂಡದು ಎಂಬುದು. ಕೊಡವರು, ಅರೆಭಾಷೆ ಗೌಡರು, ಬಜಾರಿನ ಅಂಗಡಿಯ ಕಾಕ, ತಮಿಳು ಮಾತಾಡುವ ಟೈಲರು, ಕ್ರೈಸ್ತರಾದ ತೋಟದ ರೈಟರು, ಅರಕಲಗೂಡಿನ ಮೇಷ್ಟ್ರು, ಎಲ್ಲರೂ ಒಂದೇ ರಿಜಿಸ್ಟರಿನಲ್ಲಿ.

1975ರ ಮಾರ್ಚ್ 15 ನನಗೆ ಚೆನ್ನಾಗಿ ನೆನಪಿದೆ. ಕ್ವಾಲಾಲಂಪುರದಲ್ಲಿ ವಿಶ್ವಕಪ್ ಹಾಕಿ ಫೈನಲ್ಲು, ಭಾರತಕ್ಕೂ ಪಾಕಿಸ್ತಾನಕ್ಕೂ. ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಮರ್ಫಿ ರೇಡಿಯೊವನ್ನು ಕಿಟಕಿಗೆ ತಂದಿಟ್ಟಿದ್ದರು. ಹೊರಗೆ ಊರೇ ನಿಂತಿತ್ತು. ಕಾಮೆಂಟರಿ ಹಿಂದಿಯಲ್ಲಿ. ಹಿಂದಿ ಬಲ್ಲ ಸುಬೇದಾರರು ಕೇಳಿ, ಅರ್ಥ ಮಾಡಿಕೊಂಡು, ಮೊದಲು ಕೊಡವ ತಕ್ಕಿನಲ್ಲಿ, ಆಮೇಲೆ ನಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದರು. ಹಾಗಾಗಿ ಅಶೋಕ್ ಕುಮಾರರ ಗೆಲುವಿನ ಗೋಲಿಗೆ ನಮ್ಮೂರಿನಲ್ಲಿ ಮೂರು ಸಲ ಚಪ್ಪಾಳೆ ಬಿತ್ತು. ಭಾರತ ಗೆದ್ದದ್ದು 2-1ರಿಂದ. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹುಲ್ಲು ಹೋಗಿ ಕೃತಕ ಹಾಸು ಬಂತು, ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ನಮಗೆ ಹುಲ್ಲೂ ಇರಲಿಲ್ಲ. ಭತ್ತ ಕೊಯ್ದ ಗದ್ದೆಯ ಕೂಳೆ ಕಿತ್ತು, ಬದು ತಟ್ಟಿ ಮಟ್ಟ ಮಾಡಿ ಅಲ್ಲಿ ಆಡುತ್ತಿದ್ದೆವು. ಚೆಂಡು ಎತ್ತ ಪುಟಿಯುವುದೆಂದು ಹೊಡೆದವನಿಗೂ ಗೊತ್ತಿರುತ್ತಿರಲಿಲ್ಲ. ಕೋಲಿಗೆ ಕಾಫಿ ಗಿಡದ ಬಾಗಿದ ಕೊಂಬೆ. ಒಳ್ಳೆಯ ಸ್ಟಿಕ್ಕು ಸಿಗುತ್ತಿದ್ದುದು ಪಂದ್ಯದ ದಿನ, ಕ್ಲಬ್ಬಿನ ಬೀರುವಿನಿಂದ.

ನಾನು ಲೆಫ್ಟ್ ಬ್ಯಾಕು. ಒಳ್ಳೆಯ ಆಟಗಾರನೇನಲ್ಲ, ಹತ್ತು ಸಲದಲ್ಲಿ ನಾಲ್ಕು ಸಲ ಚೆಂಡು ತಡೆಯುತ್ತಿದ್ದೆ. ಆದರೂ ಏಳು ವರ್ಷ ತಂಡದಲ್ಲಿದ್ದೆ. ಅದಕ್ಕೆ ಬೇಕಾಗಿದ್ದ ಅರ್ಹತೆ ಎರಡೇ, ಊರಿನಲ್ಲಿರಬೇಕು, ಚಂದಾ ಕಟ್ಟಿರಬೇಕು. ಗೋಲ್ ಕೀಪರು ಕಾಕನ ಮಗ. ಸೆಂಟರ್ ಫಾರ್ವರ್ಡು ಸುಬೇದಾರರ ತಮ್ಮ, ಐನ್‌ಮನೆಯವನು. ಪಕ್ಕದ ಊರಿನವರೊಡನೆ ಪಂದ್ಯ ಸೋತು ಬರುವಾಗ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದುದು ಆಟದ ತಪ್ಪಿಗಾಗಿ. ಜಾತಿಯ ಮಾತು ಬಂದದ್ದು ನನಗೆ ನೆನಪಿಲ್ಲ.

ಹಾಗೆಂದು ಅದೊಂದು ಸ್ವರ್ಗವಾಗಿತ್ತೆಂದು ಓದುಗರು ತಿಳಿಯಬಾರದು. ಹೆಂಗಸರು ಕ್ಲಬ್ಬಿಗೆ ಬರುತ್ತಿದ್ದುದು ವರ್ಷಕ್ಕೊಮ್ಮೆ, ವಾರ್ಷಿಕೋತ್ಸವದ ದಿನ, ಮ್ಯೂಸಿಕಲ್ ಚೇರಿಗೆ. ಲೈನ್‌ಮನೆಯ ಕೂಲಿಕಾರರು ಸದಸ್ಯರಾಗಬಾರದೆಂದು ಎಲ್ಲೂ ಬರೆದಿರಲಿಲ್ಲ, ಆದರೆ ಎರಡು ರೂಪಾಯಿ ಅವರಿಗೆ ದೊಡ್ಡ ಮೊತ್ತ. ಅವರ ಮಕ್ಕಳು ಗೆರೆಯಾಚೆ ನಿಂತು ಚೆಂಡು ಹೆಕ್ಕಿ ಕೊಡುತ್ತಿದ್ದರು. ಒಬ್ಬಿಬ್ಬರು ಆಡಿದರು, ಅವರ ಚಂದಾ ಯಾರೋ ಕಟ್ಟಿದರು.

ಮತ್ತೆ ಯಾಕೆ ಸೊರಗಿತು? ಟಿ.ವಿ.ಯಿಂದ ಎನ್ನುವುದು ಸುಲಭದ ಉತ್ತರ. ಟಿ.ವಿ. ಬಂದಾಗ ಅದನ್ನು ಮೊದಲು ಇಟ್ಟದ್ದೇ ಕ್ಲಬ್ಬಿನಲ್ಲಿ. ಆ ಎರಡು ಮೂರು ವರ್ಷ ಹಿಂದೆಂದೂ ಇಲ್ಲದ ಜನ. ನನ್ನ ಲೆಕ್ಕದಲ್ಲಿ ಪೆಟ್ಟು ಬಿದ್ದದ್ದು ಮಕ್ಕಳು ಊರು ಬಿಟ್ಟಾಗ. 1990ರ ದಶಕದ ನಡುವೆ ಕಾಫಿಗೆ ಬೆಲೆ ಬಂತು. 1996ರಲ್ಲಿ ಪೂಲು ಪೂರ್ತಿ ಹೋಗಿ, ಬೆಳೆದವನೇ ಮಾರುವಂತಾಯಿತು. ಕೈಯಲ್ಲಿ ಕಾಸು ಓಡಾಡಿತು. ಮೊದಲ ಕೆಲಸ, ಮಕ್ಕಳನ್ನು ಮೈಸೂರು, ಬೆಂಗಳೂರಿನ ಹಾಸ್ಟೆಲಿಗೆ ಸೇರಿಸಿದ್ದು. ಅದನ್ನು ತಪ್ಪೆನ್ನಲಾರೆ, ನನ್ನ ಮಗನೂ ಹೋದವನೇ. ಹತ್ತರಿಂದ ಇಪ್ಪತ್ತೈದು ವಯಸ್ಸಿನವರು ಇಲ್ಲದ ಊರಿನಲ್ಲಿ ಹನ್ನೊಂದು ಜನರ ತಂಡ ಎಲ್ಲಿಂದ ಬರಬೇಕು? ಕ್ಲಬ್ಬು ಎಂದರೆ ಇಸ್ಪೀಟು ಎಂದಾಯಿತು. ರಮ್ಮಿ ಕೌಶಲದ ಆಟವೇ ಹೊರತು ಬರೀ ಅದೃಷ್ಟದ್ದಲ್ಲವೆಂದು ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1960ರ ದಶಕದಲ್ಲೇ ಹೇಳಿದೆ. ನಮ್ಮ ಕಾರ್ಯದರ್ಶಿ ಆ ತೀರ್ಪಿನ ಒಂದು ಪುಟಕ್ಕೆ ಕಟ್ಟು ಹಾಕಿಸಿ, ಗಾಂಧೀಜಿಯ ಪಟದ ಕೆಳಗೆ ತೂಗುಹಾಕಿದ್ದರು. ಆದರೆ ಮನೆಯ ಹೆಂಗಸರಿಗೆ ಸುಪ್ರೀಂ ಕೋರ್ಟು ಒಪ್ಪಿಗೆಯಾಗಬೇಕಲ್ಲ! ಬಾರ್ ಲೈಸೆನ್ಸ್ ತೆಗೆದರೆ ಆದಾಯ ಬರುತ್ತದೆಂದು ಕೆಲವರು, ತೆಗೆದರೆ ರಾಜೀನಾಮೆ ಎಂದು ಕೆಲವರು. ಲೈಸೆನ್ಸ್ ತೆಗೆಯಲಿಲ್ಲ, ರಾಜೀನಾಮೆಗಳೂ ನಿಲ್ಲಲಿಲ್ಲ.

ಈ ನಡುವೆ ಹಾಕಿಗೇನೋ ಕೊಡಗಿನಲ್ಲಿ ಹೊಸ ಜೀವ ಬಂತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಆರಂಭಿಸಿದರು. ಮೊದಲ ವರ್ಷ ಆಡಿದ್ದು 60 ಕುಟುಂಬ. ವರ್ಷಕ್ಕೊಂದು ಕುಟುಂಬ ಮುಂದೆ ನಿಂತು ನಡೆಸುತ್ತದೆ; ಕಪ್ಪಿಗೆ ಆ ಮನೆತನದ ಹೆಸರು. 2018ರ ಆಗಸ್ಟಿನ ಮಳೆ, ಭೂಕುಸಿತದ ನಂತರ ಉತ್ಸವ ನಿಂತಿತು, ಆಮೇಲೆ ಕೊರೊನಾ. 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ಶುರುವಾಯಿತು. 2024ರ ಕುಂಡ್ಯೋಳಂಡ ಕಪ್ಪಿಗೆ 360 ತಂಡ ಸೇರಿ ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್ಪಿಗೆ 396. ಹುಡುಗಿಯರು ಗಂಡಸರ ಜೊತೆ ಒಂದೇ ತಂಡದಲ್ಲಿ ಆಡುತ್ತಾರೆ. ಮೊಮ್ಮಗ ಕೊಟ್ಟ ಪಾಸನ್ನು ಅಜ್ಜ ತಪ್ಪಿಸಿಕೊಂಡು ಬೈಸಿಕೊಳ್ಳುತ್ತಾನೆ. ನಮ್ಮ ಕ್ಲಬ್ಬಿಗೆ ಎಂದೂ ಆಗದ ಕೆಲಸ ಅದು. ನಾನು ವರ್ಷಾವರ್ಷ ಹೋಗಿ, ಕೊಡೆ ಹಿಡಿದು ಕುಳಿತು, ಗಂಟಲು ಹರಿಯುವಂತೆ ಕೂಗಿ ಬರುತ್ತೇನೆ.

ಅದನ್ನು ಕಂಡು ಉಳಿದವರೂ ಹುರುಪಾದರು. ಗೌಡ ಕುಟುಂಬಗಳಿಗೆ ಕ್ರಿಕೆಟ್ಟು, ಮುಸ್ಲಿಮರಿಗೆ ಒಂದು ಪಂದ್ಯಾವಳಿ, ಬೇರೆ ಸಮಾಜಗಳಿಗೆ ಬೇರೆ ಬೇರೆ ಕಪ್ಪು. ಬೇಸಿಗೆ ರಜೆ ಬಂತೆಂದರೆ ಕೊಡಗಿನ ಮೈದಾನಗಳು ಖಾಲಿ ಇರುವುದಿಲ್ಲ. ಒಳ್ಳೆಯದೇ. ಆದರೆ ಕಾಕನ ಮೊಮ್ಮಗ ಒಂದು ಕಡೆ ಆಡುತ್ತಾನೆ, ಸುಬೇದಾರರ ಮೊಮ್ಮಗ ಇನ್ನೊಂದು ಕಡೆ. ಇಬ್ಬರೂ ಒಂದೇ ಓಣಿಯವರು, ಒಬ್ಬ ಹೊಡೆದ ಚೆಂಡನ್ನು ಇನ್ನೊಬ್ಬ ತಡೆದದ್ದೇ ಇಲ್ಲ. ಈ ತಂಡಗಳಿಗೆ ಸೇರಲು ಚಂದಾ ಬೇಡ, ಹುಟ್ಟಿರಬೇಕು.

ಹೋದ ಏಪ್ರಿಲ್ಲಿನಲ್ಲಿ ರಜೆಗೆ ಬಂದಿದ್ದ ಮೊಮ್ಮಗಳನ್ನು ಮಡಿಕೇರಿಗೆ ಪಂದ್ಯ ನೋಡಲು ಕರೆದೊಯ್ದಿದ್ದೆ. ಏಳನೇ ತರಗತಿ, ಬೆಂಗಳೂರಿನ ಶಾಲೆಯಲ್ಲಿ ಹಾಕಿ ಆಡುತ್ತಾಳೆ. ಅರ್ಧ ಪಂದ್ಯದವರೆಗೆ ಸುಮ್ಮನಿದ್ದವಳು, “ತಾತ, ನಮ್ಮ ಮನೆ ಟೀಮು ಯಾವಾಗ ಆಡತ್ತೆ?” ಎಂದಳು. ನಮ್ಮದು ಇಲ್ಲ ಮಗಳೇ, ಎಂದೆ. “ಮತ್ತೆ ನೀವು ಆಡ್ತಿದ್ದೆ ಅಂತೀರಲ್ಲ, ಯಾರ ಟೀಮಲ್ಲಿ?” ಊರಿನ ಟೀಮಿನಲ್ಲಿ ಎಂದರೆ ಅವಳಿಗೆ ಅರ್ಥವಾಗಲಿಲ್ಲ. ಅವಳು ಕಂಡದ್ದು ಶಾಲೆಯ ತಂಡ, ಅಪಾರ್ಟ್‌ಮೆಂಟಿನ ಕೋಚಿಂಗು. ಚೆನ್ನಾಗಿ ಆಡುವವರಿಗೆ ಕೂಡಿಗೆಯ ಕ್ರೀಡಾಶಾಲೆ, ಪೊನ್ನಂಪೇಟೆಯ ಕ್ರೀಡಾ ಹಾಸ್ಟೆಲು ಇವೆ ಎಂದು ನಾನೂ ಅವಳಿಗೆ ಹೇಳಿದೆ. ಹತ್ತರಲ್ಲಿ ನಾಲ್ಕು ಸಲ ಚೆಂಡು ತಡೆಯುವವರಿಗೆ ಎಲ್ಲಿದೆ ಎಂದು ಅವಳು ಕೇಳಲಿಲ್ಲ. ಅವಳು ನನಗಿಂತ ಚೆನ್ನಾಗಿ ಆಡುತ್ತಾಳೆ.

ಮುಚ್ಚಿದ ಮೇಲಿನ ಕೆಲಸವೂ ಖಜಾಂಚಿಯ ತಲೆಗೇ ಬಂತು. ಸಂಘ ವಿಸರ್ಜನೆಯಾದರೆ ಸಾಲ ತೀರಿಸಿ ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಇನ್ನೊಂದು ಸಂಘಕ್ಕೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಒಂದು ಕೇರಂ ಪಾನೂ ಮನೆಗೆ ಒಯ್ಯುವ ಹಾಗಿಲ್ಲ. ನನಗೆ ಈ ಕಲಮು ಹಿಡಿಸಿತು. ಪಕ್ಕದ ಊರಿನ ವಾಚನಾಲಯದ ಸಂಘಕ್ಕೆ ಪುಸ್ತಕ, ಮೇಜು, ಕುರ್ಚಿ, ಕೇರಂ ಬೋರ್ಡು ಕೊಡುವುದೆಂದು ನಿರ್ಣಯವಾಯಿತು. ಕಪ್ಪುಗಳನ್ನು ಅವರು ಬೇಡವೆಂದರು, ಇನ್ನೊಬ್ಬರು ಗೆದ್ದ ಕಪ್ಪನ್ನು ಇಟ್ಟುಕೊಂಡು ಅವರೇನು ಮಾಡಿಯಾರು? ಹರಾಜು ಹಾಕಿ ಹಣ ಕಳಿಸಿ ಎಂದರು. ಒಟ್ಟು 23 ಕಪ್ಪು. ಗುಜರಿಯವನು ತಕ್ಕಡಿ ತಂದ. 22 ಕಪ್ಪುಗಳು ತೂಕಕ್ಕೆ ಹೋದವು. ಒಂದಕ್ಕೆ ಮಾತ್ರ ಇಬ್ಬರು ಕೂಗಿದರು. 1971ರಲ್ಲಿ ನಮ್ಮ ತಂಡ ಗೆದ್ದ ಕಪ್ಪು. ಆ ವರ್ಷ ನಾಯಕರು ಸುಬೇದಾರರೇ. ಗುಜರಿಯವನು ಸುಮ್ಮನೆ ಚೌಕಾಸಿಗೆ ಏರಿಸುತ್ತ ಹೋದ, ಇವರು ಬಿಡಲಿಲ್ಲ. 350 ರೂಪಾಯಿಗೆ ಅವರ ಪಾಲಾಯಿತು. ಹಣ ಎಣಿಸಿ ಕೊಟ್ಟು, “ಆವತ್ತು ಗೆಲ್ಲುವುದು ಇಷ್ಟು ಕಷ್ಟವಾಗಿರಲಿಲ್ಲ ಮೇಷ್ಟ್ರ ಮಗನೇ” ಎಂದು ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು ಜೀಪು ಹತ್ತಿದರು.

ಕರೆಂಟು ಬಿಲ್ಲು, ಪತ್ರದ ಖರ್ಚು ಕಳೆದು ಉಳಿದದ್ದನ್ನು ವಾಚನಾಲಯದ ಸಂಘಕ್ಕೆ ಚೆಕ್ಕಿನಲ್ಲಿ ಕಳಿಸಿದೆ. ವಾರದೊಳಗೆ ರಸೀದಿ ಬಂತು. ಜೊತೆಗೊಂದು ಅಚ್ಚಾದ ಅರ್ಜಿಯನ್ನೂ ಇಟ್ಟಿದ್ದರು: ವಾಚನಾಲಯದ ಸದಸ್ಯತ್ವ, ವರ್ಷಕ್ಕೆ ನೂರು ರೂಪಾಯಿ, ಹೆಸರು ಮತ್ತು ವಿಳಾಸ ಬರೆದರೆ ಸಾಕು ಎಂದು.