ಒಡೆದ ಗಾಜಿನ ಲಾಭಾಂಶ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಸಂಪಾದಕ ಮಂಡಲಿಯವರ ಪತ್ರ ಕೈಸೇರಿದಾಗ ಏನನ್ನು ಬರೆಯುವುದೆಂದು ಕೆಲವು ದಿನ ಯೋಚಿಸಿದೆ. ಗುರುಗಳ ಸ್ಮರಣೆ, ವಿದ್ಯಾರ್ಥಿನಿಲಯದ ದಿನಗಳು, ಪ್ರಸಾದದ ಪಂಕ್ತಿ ಇವುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಅನೇಕರಿದ್ದಾರೆ. ಮೂವತ್ತಮೂರು ವರ್ಷ ಮಕ್ಕಳಿಗೆ ಬಡ್ಡಿ, ಲಾಭ, ನಷ್ಟಗಳ ಲೆಕ್ಕ ಹೇಳಿಕೊಟ್ಟ ನಾನು, ನಿವೃತ್ತಿಯ ನಂತರ ಆ ಪಾಠವನ್ನು ಸ್ವತಃ ಕಲಿತ ಬಗೆಯನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ. ಇದರಲ್ಲಿ ಹೆಮ್ಮೆಪಡುವಂಥದು ಹೆಚ್ಚೇನೂ ಇಲ್ಲ.

ಬನ್ನೇರುಘಟ್ಟ ರಸ್ತೆಯ ಹುಳಿಮಾವಿನಲ್ಲಿ ನಾವು ಮನೆ ಕಟ್ಟಿಸಿದ ಕಾಲಕ್ಕೆ ಆ ಊರು ಹಳ್ಳಿಯ ಲಕ್ಷಣವನ್ನು ಪೂರ್ತಿಯಾಗಿ ಕಳೆದುಕೊಂಡಿರಲಿಲ್ಲ. ಗುಹಾಲಯ, ಕೆರೆಯ ಏರಿ, ಅಲ್ಲಲ್ಲಿ ತೋಟ ಇವೇ ಅದರ ಗುರುತುಗಳಾಗಿದ್ದವು. ನೋಡನೋಡುತ್ತಿದ್ದಂತೆ ಬಹುಮಹಡಿ ಕಟ್ಟಡಗಳೆದ್ದವು. ಅವುಗಳ ಜೊತೆಗೆ ಕಸವೂ ಬಂದಿತು. ಗುಜರಿಯವರು ಕಾಗದವನ್ನು ಕೊಳ್ಳುತ್ತಿದ್ದರು, ಕಬ್ಬಿಣವನ್ನು ಕೊಳ್ಳುತ್ತಿದ್ದರು, ಒಡೆಯದ ಬಾಟಲಿಯನ್ನೂ ಕೊಳ್ಳುತ್ತಿದ್ದರು. ಒಡೆದ ಗಾಜನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಅದು ಭಾರ ಹೆಚ್ಚು, ಬೆಲೆ ಕಡಿಮೆ, ಕೈ ಕೊಯ್ಯುವ ವಸ್ತು.

2016ರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಕೆಲವು ಮಿತ್ರರೊಡನೆ ಸಣ್ಣದೊಂದು ಖಾಸಗಿ ಕಂಪನಿಯನ್ನು ಸ್ಥಾಪಿಸಿ, ಹೋಟೆಲು ಮತ್ತು ವಸತಿ ಸಮುಚ್ಚಯಗಳಿಂದ ಗಾಜನ್ನು ಸಂಗ್ರಹಿಸಿ, ಬಣ್ಣಬಣ್ಣಕ್ಕೆ ವಿಂಗಡಿಸಿ, ಪುಡಿ ಮಾಡಿ ಗಾಜಿನ ಕಾರ್ಖಾನೆಗಳಿಗೆ ಮಾರುವ ಉದ್ಯಮ ಅವನದು. "ಮೇಷ್ಟ್ರೇ, ಒಂದು ಸಲ ಬಂದು ನೋಡಿ, ಆಮೇಲೆ ಮಾತಾಡೋಣ" ಎಂದನು. ಹೋಗಿ ನೋಡಿದೆ. ಅವನು ವಿವರಿಸಿದ ವಿಷಯ ನನ್ನಂಥ ಗಣಿತದ ಅಧ್ಯಾಪಕನಿಗೆ ಹಿಡಿಸುವಂತಿತ್ತು.

ಬಾಟಲಿಯ ಗಾಜಿಗೆ ಮುಖ್ಯ ಸಾಮಗ್ರಿಗಳು ಮರಳು, ಸೋಡಾ ಆ್ಯಷ್ ಮತ್ತು ಸುಣ್ಣಕಲ್ಲು. ಇವು ಕರಗಿ ಒಂದಾಗಬೇಕಾದರೆ ಕುಲುಮೆಯಲ್ಲಿ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಉಷ್ಣವಿರಬೇಕು. ಹಳೆಯ ಗಾಜಿನ ಚೂರು, ಅಂದರೆ ಕಸುಬಿನವರು 'ಕಲೆಟ್' ಎಂದು ಕರೆಯುವ ಪದಾರ್ಥ, ಒಮ್ಮೆ ಬೆಂದು ಬಂದದ್ದಾದ್ದರಿಂದ ಇನ್ನೂ ಸುಲಭವಾಗಿ ಕರಗುತ್ತದೆ. ಮಿಶ್ರಣದಲ್ಲಿ ಅದನ್ನು ಶೇ. 10ರಷ್ಟು ಸೇರಿಸಿದರೆ ಶಕ್ತಿಯ ವೆಚ್ಚ ಶೇ. 2.5ರಿಂದ 3ರಷ್ಟು ಇಳಿಯುತ್ತದೆ. ಕಾಗದವನ್ನು ಮತ್ತೆ ಮತ್ತೆ ಅರೆದರೆ ನಾರು ಸವೆಯುತ್ತದೆ; ಗಾಜಾದರೋ ಎಷ್ಟು ಸಲ ಕರಗಿಸಿದರೂ ಗುಣಗೆಡುವುದಿಲ್ಲ. ಆದರೆ ಶುದ್ಧಿ ಮುಖ್ಯ. ಪಿಂಗಾಣಿ ಬಟ್ಟಲಿನ ಒಂದು ಚೂರೋ, ಒಂದು ಕಲ್ಲೋ ಬೆರೆತರೆ ಅದು ಕರಗದೆ ಉಳಿದು ಹೊಸ ಬಾಟಲಿಯ ಮೈಯಲ್ಲಿ ಕುಳಿತು ಅಲ್ಲಿಂದಲೇ ಬಿರುಕು ಬಿಡಿಸುತ್ತದೆ. ಆದ್ದರಿಂದ ಈ ಉದ್ಯಮದ ಜೀವವಿರುವುದು ಯಂತ್ರಕ್ಕಿಂತ ಹೆಚ್ಚಾಗಿ ಆರಿಸುವವರ ಕಣ್ಣಿನಲ್ಲಿ, ಬೆರಳಿನಲ್ಲಿ.

ನಿವೃತ್ತಿಯಲ್ಲಿ ಬಂದ ಹಣದಲ್ಲಿ ಎರಡು ಲಕ್ಷ ರೂಪಾಯಿ ಕೊಟ್ಟು, ಹತ್ತು ರೂಪಾಯಿ ಮುಖಬೆಲೆಯ 20,000 ಷೇರುಗಳನ್ನು ಪಡೆದೆ. ಇಂಥ ಷೇರಿಗೆ ಪೇಟೆಯಿಲ್ಲ. ಖಾಸಗಿ ಕಂಪನಿಯ ಸದಸ್ಯರ ಸಂಖ್ಯೆ ಸಾಮಾನ್ಯವಾಗಿ 200ನ್ನು ಮೀರುವಂತಿಲ್ಲ. ಷೇರನ್ನು ಮನಬಂದಂತೆ ಅನ್ಯರಿಗೆ ವರ್ಗಾಯಿಸುವಂತೆಯೂ ಇಲ್ಲ. ಹಾಕಿದ ಹಣ ಹಾಕಿದ ಕಡೆಯೇ ಇರುವುದು. ಕೈಗೆ ಬರುವುದು ಲಾಭಾಂಶವೊಂದೇ. ಮೊದಲ ವರ್ಷ ಶೇ. 8, ಎರಡನೆಯ ವರ್ಷ 9, ಮೂರನೆಯ ವರ್ಷ 10ರಂತೆ ಒಟ್ಟು 54,000 ರೂಪಾಯಿ ಬಂದಿತು. ಆ ಸಂತೋಷದಲ್ಲಿ ನಮ್ಮ ಶಾಲೆಯ ವಿದ್ಯಾರ್ಥಿನಿಲಯದ ಬಡ ಬಾಲಕನೊಬ್ಬನ ಖರ್ಚಿಗೆ ಪ್ರತಿವರ್ಷ 10,000 ರೂಪಾಯಿ ಕೊಡುವುದಾಗಿ ಒಪ್ಪಿಕೊಂಡೆ. ದಾನಿಗಳ ಪಟ್ಟಿಯಲ್ಲಿ ನನ್ನ ಹೆಸರು ಅಚ್ಚಾಯಿತು. ಅದನ್ನು ನೋಡಿ ಹಿಗ್ಗಿದೆನೆಂಬುದನ್ನು ಮುಚ್ಚಿಡುವುದಿಲ್ಲ.

2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆಯಿತು. ನೂರಾರು ಮನೆಗಳಿಗೆ ನೀರು ನುಗ್ಗಿತು. ತಗ್ಗಿನಲ್ಲಿದ್ದ ಕಂಪನಿಯ ಅಂಗಳದಲ್ಲಿ ಬೇರೆಬೇರೆಯಾಗಿ ರಾಶಿ ಹಾಕಿದ್ದ ಬಿಳಿ, ಕಂದು, ಹಸಿರು ಗಾಜೆಲ್ಲ ಕೆಸರು ಕಲ್ಲುಗಳೊಡನೆ ಒಂದಾಯಿತು. ಹಾಗೂ ಹೀಗೂ ತೊಳೆದು ಕಳುಹಿಸಿದ ಲಾರಿಗಳೆರಡು ಕಾರ್ಖಾನೆಯ ಬಾಗಿಲಿನಿಂದಲೇ ಹಿಂದಿರುಗಿದವು. ಅದರ ಬೆನ್ನಿಗೆ 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಿತು. ಹೋಟೆಲುಗಳು ಮುಚ್ಚಿದವು, ಬಾಟಲಿ ಬರುವ ದಾರಿಯೇ ನಿಂತಿತು.

ಆ ಡಿಸೆಂಬರಿನಲ್ಲಿ ವಾರ್ಷಿಕ ಸಭೆ ಸೇರಿತು. ವರ್ಷದ ಲಾಭ ಅತ್ಯಲ್ಪ. ಆದರೂ ಹಿಂದಿನ ವರ್ಷಗಳ ಉಳಿಕೆಯಿಂದ ಶೇ. 6ರ ಲಾಭಾಂಶ ಕೊಡಬಹುದೆಂದು ನಿರ್ದೇಶಕರು ಶಿಫಾರಸು ಮಾಡಿದ್ದರು. ನಿರ್ದೇಶಕರು ಹೇಳಿದ್ದಕ್ಕಿಂತ ಹೆಚ್ಚು ಲಾಭಾಂಶವನ್ನು ಸಭೆ ಘೋಷಿಸುವಂತಿಲ್ಲ, ಕಡಿಮೆ ಮಾಡಬಹುದು. ಸದಸ್ಯರೊಬ್ಬರು ಎದ್ದು, "ಈ ವರ್ಷ ಲಾಭಾಂಶ ಬೇಡ. ಅಂಗಳಕ್ಕೆ ಕಾಂಕ್ರೀಟು ಹಾಕಿಸಿ, ಆರಿಸುವ ಹೆಂಗಸರಿಗೆ ಒಳ್ಳೆಯ ಕೈಗವಸು, ಬೂಟು ಕೊಡಿಸೋಣ" ಎಂದರು. ಹಳೆಯ ಶಿಷ್ಯನು ನನ್ನ ಮುಖ ನೋಡಿದನು. ವಿದ್ಯಾರ್ಥಿನಿಲಯದ ಹತ್ತು ಸಾವಿರ ನನ್ನ ಮನಸ್ಸಿನಲ್ಲಿತ್ತು. ಕೊಟ್ಟ ಮಾತು ತಪ್ಪಬಾರದಲ್ಲ ಎಂದುಕೊಂಡು ಲಾಭಾಂಶದ ಪರವಾಗಿ ಕೈ ಎತ್ತಿದೆ. ಮೇಷ್ಟ್ರು ಕೈ ಎತ್ತಿದರೆಂದು ಇನ್ನೂ ಕೆಲವರು ಎತ್ತಿದರು. ನಿರ್ಣಯ ಅಂಗೀಕಾರವಾಯಿತು.

ನನ್ನ ಪಾಲಿಗೆ 12,000 ರೂಪಾಯಿ. ಅಲ್ಲಿಯವರೆಗೆ ಲಾಭಾಂಶ ವಿತರಣೆಯ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. 2020ರ ಏಪ್ರಿಲ್‌ನಿಂದ ಆ ಹೊಣೆ ಷೇರುದಾರನ ಮೇಲೆ ಬಿದ್ದಿತ್ತು. ಶೇ. 7.5ರಂತೆ 900 ರೂಪಾಯಿ ಮುರಿದುಕೊಂಡು 11,100 ಬ್ಯಾಂಕಿಗೆ ಬಂದಿತು. ಅದರಲ್ಲಿ ಹತ್ತು ಸಾವಿರವನ್ನು ಅದೇ ದಿನ ಶಾಲೆಗೆ ಕಳುಹಿಸಿ ನಿಶ್ಚಿಂತನಾದೆ.

ಒಂದು ತಿಂಗಳ ನಂತರ ಯಾವುದೋ ಕಾಗದಕ್ಕೆ ಸಹಿ ಹಾಕಲು ಅಲ್ಲಿಗೆ ಹೋದೆ. ರಾಶಿಯ ಮುಂದೆ ಕುಳಿತು ಗಾಜು ಆರಿಸುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬಳ ಬಲಗೈಗೆ ಹಳೆಯ ಸೀರೆಯ ತುಂಡು ಸುತ್ತಿತ್ತು; ಬಟ್ಟೆಯಲ್ಲಿ ಕಲೆಯಿತ್ತು.

"ಏನಮ್ಮ, ಕೈಗವಸು ಹಾಕಿಕೊಳ್ಳಬಾರದೆ?" ಎಂದು ಕೇಳಿದೆ.

"ಇದ್ದದ್ದು ಹರಿದೋಯ್ತು ಸಾರ್. ಈ ವರ್ಷ ದುಡ್ಡಿಲ್ವಂತೆ, ಮುಂದಿನ ವರ್ಷ ಕೊಡಿಸ್ತಾರಂತೆ" ಎಂದಳು. ಅವಳ ಮಾತಿನಲ್ಲಿ ದೂರಿರಲಿಲ್ಲ. ಯಾರು ಕೈ ಎತ್ತಿದ್ದರೆಂಬುದು ಅವಳಿಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಊಟಕ್ಕೆ ಕುಳಿತರೂ ಆ ಕಲೆ ಕಣ್ಣ ಮುಂದಿತ್ತು. ಕಾಯಕ ಮೊದಲು, ದಾಸೋಹ ಅನಂತರ ಎಂದು ಬಾಲ್ಯದಿಂದ ಕೇಳಿ ಬೆಳೆದವನು ನಾನು. ಹಾಗಿರುವಾಗ ಕಾಯಕ ಮಾಡುವವಳ ಕೈಯಿಂದ ಕಸಿದು ದಾಸೋಹದ ಪಟ್ಟಿಗೆ ಹೆಸರು ಬರೆಸಿದಂತಾಯಿತಲ್ಲ! ಹತ್ತು ಸಾವಿರ ನನ್ನ ಪಿಂಚಣಿಯಿಂದಲೇ ಬರಬಹುದಾಗಿತ್ತು, ಕಷ್ಟವಾಗುತ್ತಿತ್ತು, ಅಷ್ಟೆ. ಮಾತು ಕೊಟ್ಟವನು ನಾನು. ಅದರ ಬೆಲೆ ತೆತ್ತವಳು ಅವಳು.

ಮರುದಿನ ಹತ್ತು ಸಾವಿರ ರೂಪಾಯಿಗೆ ಕೈಗವಸುಗಳನ್ನು ಕೊಂಡೊಯ್ದು ಶಿಷ್ಯನಿಗೆ ಕೊಟ್ಟು, ನಡೆದುದನ್ನು ಹೇಳಿದೆ. ಅವನು ತಲೆ ತಗ್ಗಿಸಿ, "ಶಿಫಾರಸು ಮಾಡಿದವನು ನಾನೇ ಅಲ್ಲವೇ ಮೇಷ್ಟ್ರೇ" ಎಂದನು. ಮುಂದಿನ ಎರಡು ವರ್ಷ ನಾನೇ ಎದ್ದು ಲಾಭಾಂಶ ಬೇಡವೆಂದೆ. ಅಂಗಳಕ್ಕೆ ಕಾಂಕ್ರೀಟು ಬಿದ್ದಿತು, ಜರಡಿಯೊಂದು ಬಂದಿತು, ಕೈಗವಸು, ಬೂಟುಗಳಿಗೆ ವರ್ಷವರ್ಷದ ಬಾಬ್ತು ಲೆಕ್ಕದಲ್ಲಿ ಸೇರಿತು. ಚೂರಿನ ಶುದ್ಧಿ ಹೆಚ್ಚಿದ್ದರಿಂದ ಲಾರಿಗಳು ಹಿಂದಿರುಗುವುದು ನಿಂತಿತು. 2023ರಲ್ಲಿ ಶೇ. 5ರ ಲಾಭಾಂಶ ಬಂದಿತು. ವಿದ್ಯಾರ್ಥಿನಿಲಯದ ಹಣವನ್ನು ಈಗ ಪಿಂಚಣಿಯಿಂದ ತಿಂಗಳಿಗಿಷ್ಟೆಂದು ಎತ್ತಿಟ್ಟು ಕೊಡುತ್ತಿದ್ದೇನೆ.

ಹಣ ಹೂಡಬಾರದೆಂದು ನಾನು ಹೇಳುವುದಿಲ್ಲ. ಊರಿನ ಕಸವನ್ನು ಸಂಪತ್ತಾಗಿಸುವ ಉದ್ಯಮಕ್ಕೆ ಬಂಡವಾಳ ಬೇಕೇಬೇಕು. ವಾರ್ಷಿಕ ವರದಿ ಬಂದಾಗ ನಾನು ಮೊದಲು ಲಾಭಾಂಶದ ಸಾಲನ್ನು ನೋಡುತ್ತಿದ್ದೆ. ಈಗ ಕೈಗವಸಿನ ಬಾಬ್ತನ್ನು ಹುಡುಕುತ್ತೇನೆ. ಆಮೇಲೆ ಕನ್ನಡಕ ಒರೆಸಿಕೊಂಡು ಉಳಿದದ್ದನ್ನು ಓದುತ್ತೇನೆ.