ಪೆಟ್ಟು ಬಿದ್ದ ಗಂಟೆ

ಜೂನ್ 11, 2024, ಮಂಗಳವಾರ

ರಾತ್ರಿ ಹನ್ನೊಂದರ ಸುಮಾರಿಗೆ ಹುಡುಗನೊಬ್ಬನನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದರು. ಬೈಕು ಟ್ರಾಕ್ಟರಿಗೆ ಗುದ್ದಿದೆ. ಹೊಟ್ಟೆ ಕಲ್ಲಾಗಿತ್ತು, ನಾಡಿ ಓಡುತ್ತಿತ್ತು, ಬಿ.ಪಿ. ಸಿಗುತ್ತಿರಲಿಲ್ಲ. ಯಾವಾಗ ಆಯಿತು ಎಂದರೆ ಒಬ್ಬ "ಈಗ್ಲೇ ಸಾರ್" ಅಂದ, ಇನ್ನೊಬ್ಬ "ದನ ಮನೆಗೆ ಬರೋ ಹೊತ್ತು" ಅಂದ. ಎರಡನೆಯವನ ಮಾತೇ ನಿಜ. ಮೊದಲು ಹೋದ ಆಸ್ಪತ್ರೆಯ ಚೀಟಿಯಲ್ಲಿ ಅಲ್ಲಿಗೆ ತಲುಪಿದ ಗಂಟೆ ಇತ್ತು, ಪೆಟ್ಟು ಬಿದ್ದ ಗಂಟೆ ಇರಲಿಲ್ಲ. ಡ್ರಿಪ್ ಏರಿಸಿ ಮುಂದಕ್ಕೆ ಕಳಿಸಿದೆವು. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಕಪಾಟಿನಲ್ಲೇ ಇತ್ತು. ಹೊತ್ತು ಮೀರಿತ್ತು, ಕೊಡುವಂತಿರಲಿಲ್ಲ.

ಜೂನ್ 12

ಹುಡುಗ ದಾರಿಯಲ್ಲೇ ಹೋದನಂತೆ.

ಜೂನ್ 14, ಶುಕ್ರವಾರ

ಟ್ರಾನೆಕ್ಸಾಮಿಕ್ ಆಸಿಡ್ ಕುರಿತ ಕ್ರ್ಯಾಶ್-2 ಪ್ರಯೋಗದ ವರದಿಯನ್ನು ಮತ್ತೆ ಓದಿದೆ. 40 ದೇಶಗಳ 274 ಆಸ್ಪತ್ರೆಗಳು, 20,211 ಗಾಯಾಳುಗಳು. ಅರ್ಧದಷ್ಟು ಜನರಿಗೆ ಔಷಧ, ಉಳಿದವರಿಗೆ ಬರೀ ಸಲೈನ್. ಯಾರಿಗೆ ಯಾವುದೆಂದು ಕೊಟ್ಟ ವೈದ್ಯರಿಗೂ ಗೊತ್ತಿರಲಿಲ್ಲ. ಭಾರತದ ಆಸ್ಪತ್ರೆಗಳೂ ಅದರಲ್ಲಿ ಇದ್ದವು. 2010ರಲ್ಲಿ ಫಲಿತಾಂಶ ಬಂತು: ಸತ್ತವರು ಸಲೈನಿನ ಗುಂಪಿನಲ್ಲಿ ನೂರಕ್ಕೆ 16, ಔಷಧದ ಗುಂಪಿನಲ್ಲಿ 14.5. ಈ ಒಂದೂವರೆಯನ್ನು ಸಣ್ಣದೆನ್ನುವವರು ಕ್ಯಾಶುಯಲ್ಟಿ ಬಾಗಿಲಲ್ಲಿ ಒಂದು ರಾತ್ರಿ ನಿಲ್ಲಬೇಕು.

ಗಾಯವಾದಾಗ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪನ್ನು ಕರಗಿಸುವ ಪ್ಲಾಸ್ಮಿನ್ ಕೂಡ ದೇಹದಲ್ಲೇ ಹುಟ್ಟುತ್ತದೆ. ದೊಡ್ಡ ಪೆಟ್ಟಿನಲ್ಲಿ ಕರಗಿಸುವ ಕೆಲಸವೇ ಮೇಲುಗೈ ಪಡೆಯಬಹುದು. ಔಷಧ ಅದನ್ನು ತಡೆಯುತ್ತದೆ. ಆದರೆ ಪೆಟ್ಟು ಬಿದ್ದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಪ್ರಯೋಜನ. ಮೂರು ಗಂಟೆ ದಾಟಿದ ಮೇಲೆ ಪಡೆದವರಲ್ಲಿ ರಕ್ತಸ್ರಾವದ ಸಾವು ಹೆಚ್ಚೇ ಇತ್ತು: ನೂರಕ್ಕೆ 3.1ರ ಬದಲು 4.4. ಮೂರು ಗಂಟೆಯ ಒಳಗೂ ತಡ ತಡವೇ. ಹದಿನೈದು ನಿಮಿಷ ಜಾರಿದಂತೆಲ್ಲ ಪ್ರಯೋಜನ ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುತ್ತದೆ ಎಂದು 2018ರ ವಿಶ್ಲೇಷಣೆ ತೋರಿಸಿತು.

ಈ ಔಷಧವನ್ನು ಕಂಡುಹಿಡಿದವರು ಜಪಾನಿನ ಉಟಾಕೊ ಮತ್ತು ಶೋಸುಕೆ ಒಕಮೊಟೊ ದಂಪತಿ, 1962ರಲ್ಲಿ. ಹೆರಿಗೆಯಲ್ಲಿ ರಕ್ತ ಸುರಿದು ಸಾಯುವ ತಾಯಂದಿರನ್ನು ಉಳಿಸಬೇಕೆಂಬುದು ಉಟಾಕೊ ಅವರ ಹಂಬಲ. ಅದಕ್ಕೂ ಇದು ಉಪಯುಕ್ತವೆಂದು ದೊಡ್ಡ ಪ್ರಯೋಗವೊಂದು ಹೇಳಿದ್ದು 2017ರಲ್ಲಿ. ಆಕೆ ತೀರಿಕೊಂಡದ್ದು 2016ರಲ್ಲಿ. ಓದಿ ಸಂಕಟವಾಯಿತು.

ಹೀಗೆ ಪರೀಕ್ಷಿಸದೆ ಔಷಧವೊಂದನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಕ್ರ್ಯಾಶ್-2 ತಂಡದ ಮೊದಲಿನ ಪ್ರಯೋಗವೇ ಸಾಕ್ಷಿ. ತಲೆಗೆ ಪೆಟ್ಟು ಬಿದ್ದವರಿಗೆ ದಶಕಗಳ ಕಾಲ ಸ್ಟಿರಾಯ್ಡ್ ಚುಚ್ಚುತ್ತಿದ್ದರು. ಹತ್ತು ಸಾವಿರ ಜನರಲ್ಲಿ ನೋಡಿದಾಗ ಎರಡೇ ವಾರಗಳಲ್ಲಿ ಸ್ಟಿರಾಯ್ಡ್ ಪಡೆದವರಲ್ಲಿ ನೂರಕ್ಕೆ 21.1 ಸಾವು, ಪಡೆಯದವರಲ್ಲಿ 17.9. 2004ರಲ್ಲಿ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು.

ಜೂನ್ 18, ಮಂಗಳವಾರ

ಹೊರರೋಗಿ ವಿಭಾಗಕ್ಕೆ ಲಾರಿ ಡ್ರೈವರ್ ಒಬ್ಬರು ಬಂದಿದ್ದರು, ತಲೆಗೆ ಪೆಟ್ಟು ಬಿದ್ದು ಬದುಕಿದವರು. ಕೈಕಾಲು ಸರಿಯಿದೆ. ಆದರೆ ಸಾರಿನ ವಾಸನೆ ತಿಳಿಯುವುದಿಲ್ಲ, ಹೇಳಿದ್ದು ನೆನಪಿರುವುದಿಲ್ಲ, ಸಣ್ಣ ಮಾತಿಗೂ ಸಿಡಿಯುತ್ತಾರೆ. "ಮೊದಲಿನ ಮನುಷ್ಯ ಅಲ್ಲ ಡಾಕ್ಟ್ರೇ" ಅಂದರು ಹೆಂಡತಿ. ಸಾವಿನ ಲೆಕ್ಕದಲ್ಲಿ ಈ ಮನೆ ಇಲ್ಲ. ಮೆದುಳಿಗೆ ಪೆಟ್ಟು ಬಿದ್ದ ಮೇಲೆ ರಕ್ತದ ಒತ್ತಡ ಕುಸಿದರೆ, ಉಸಿರು ಸಾಲದೆ ಹೋದರೆ, ಹಾನಿ ಇನ್ನಷ್ಟು ಆಳಕ್ಕಿಳಿಯುತ್ತದೆ. ಅಂದರೆ ತಡವಾದದ್ದರ ಬೆಲೆಯನ್ನು ಬದುಕಿದವರೂ ತೆರುತ್ತಾರೆ.

ಜೂನ್ 20, ಗುರುವಾರ

ಆ ಹುಡುಗನ ಚಿಕ್ಕಪ್ಪ ಬಂದಿದ್ದರು. ರಸ್ತೆಯಲ್ಲಿ ಬಹಳ ಹೊತ್ತು ಯಾರೂ ಮುಟ್ಟಲಿಲ್ಲವಂತೆ, ಪೊಲೀಸ್ ಕೇಸಿಗೆ ಹೆದರಿ. ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ. ಹೆಸರು ಹೇಳಲೇಬೇಕೆಂದು ಯಾರೂ ಅವರನ್ನು ಬಲವಂತ ಮಾಡುವಂತಿಲ್ಲ. ಇದು ಊರೂರಿಗೆ ತಲುಪಿಲ್ಲ.

ಇಂದು ನಮ್ಮ ಕೇಸ್ ಶೀಟಿನ ಮೊದಲ ಸಾಲಿಗೆ ಒಂದು ಅಂಕಣ ಸೇರಿಸಿದೆವು: ಪೆಟ್ಟು ಬಿದ್ದ ಗಂಟೆ. ಗಾಯಾಳುವನ್ನು ಕರೆತರುವವರು 108ಕ್ಕೆ ಕರೆ ಮಾಡುವಾಗಲೇ ಗಡಿಯಾರ ನೋಡಿಕೊಳ್ಳಲಿ. ರೆಫರ್ ಮಾಡುವ ವೈದ್ಯರು ಆ ಗಂಟೆಯನ್ನು ಚೀಟಿಯಲ್ಲಿ ಬರೆದೇ ಕಳಿಸಲಿ.