ಕಾಕಾನ ಯೆಜ್ಡಿ ಮತ್ತು ಒಂದು ತಾಮ್ರದ ಎಳೆ

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅನ್ನೋ ಮಾತು ನೀವೆಲ್ಲ ಕೇಳಿರ್ತೀರಿ. ಕಿವಿ ಇದ್ದವರು ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿಲ್ಲ. ನನ್ನನ್ನು ಕೇಳಿದರೆ, ಅವರು ಬೆಳಿಗ್ಗೆ ಆರೂವರೆಗೆ ನಮ್ಮ ಓಣಿಗೆ ಬಂದು ನಿಂತು ಕಾಕಾನ ಯೆಜ್ಡಿ ರೋಡ್‌ಕಿಂಗ್ ಚಾಲೂ ಆಗೋದನ್ನ ಕೇಳಬೇಕು ಅಂತೀನಿ. :)

ಇದು ನಮ್ಮ ಮೈಸೂರಿನಲ್ಲಿ ಹುಟ್ಟಿದ ಗಾಡಿ. 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ ಮೊದಲು ಜಾವಾ ಅನ್ನೋ ಹೆಸರಲ್ಲಿ, 1973ರಿಂದ ಯೆಜ್ಡಿ ಅನ್ನೋ ಹೆಸರಲ್ಲಿ ಗಾಡಿ ಮಾಡಿತು. 1996ರಲ್ಲಿ ಬಾಗಿಲು ಹಾಕಿತು. 250 ಸಿಸಿ, ಟೂ ಸ್ಟ್ರೋಕ್, ಎರಡು ಸೈಲೆನ್ಸರ್. ಕಿಕ್ ಹೊಡೆಯೋದೂ ಗೇರ್ ಹಾಕೋದೂ ಒಂದೇ ಲಿವರಿನಲ್ಲಿ, ಹಾಗಾಗಿ ಹೊಸಬರು ಕಿಕ್ ಎಲ್ಲಿದೆ ಅಂತ ಗಾಡಿ ಸುತ್ತ ಒಂದು ಪ್ರದಕ್ಷಿಣೆ ಹಾಕೋದು ಗ್ಯಾರಂಟಿ. 2022ರಲ್ಲಿ ಅದೇ ಹೆಸರಿನ ಹೊಸ ಗಾಡಿಗಳು ಬಂದವು. ಕಾಕಾ ಒಮ್ಮೆ ನೋಡಿ, "ಹೆಸರು ಐತಿ, ಹೊಗಿ ಇಲ್ಲ" ಅಂದು ಸುಮ್ಮನಾದರು.

ಈ ಸಲ ಊರಿಗೆ ಹೋದಾಗ ಗಾಡಿಯ ದನಿ ಸರಿ ಇರಲಿಲ್ಲ. ನಿಂತಲ್ಲಿ ಸುಮ್ಮನೆ ರೊಯ್ ಅಂತ ಏರೋದು, ಗಂಗಾವತಿ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಜೋರಾಗಿ ಹೋದರೆ ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ಆಗೋದು. "ಒಂದೊಂದು ಸಲ ಹಿಡಕೊಂಡಂಗ ಆಕ್ಕೈತಿ, ಆಮ್ಯಾಲೆ ತಾನಾ ಬಿಡ್ತೈತಿ" ಅಂದರು ಕಾಕಾ, ನೆಗಡಿ ಬಂದು ಹೋಯ್ತು ಅನ್ನೋ ಹಾಗೆ. ಪ್ಲಗ್ ಬಿಚ್ಚಿ ನೋಡಿದೆ. ವಿಭೂತಿ ಬಳಿದ ಹಾಗೆ ಬೆಳ್ಳಗಿತ್ತು.

ಆಮೇಲೆ ತಿಳಿದ ಕಥೆ ಏನಂದ್ರೆ, ಎವರೇಜ್ ಸಾಲದು ಅಂತ ಕಾಕಾ ಒಬ್ಬ ಫಿಟ್ಟರ್ ಹತ್ತಿರ ಹೋಗಿದ್ದಾರೆ. ಅವನು ಕಾರ್ಬೊರೇಟರಿನ ಮೇನ್ ಜೆಟ್ಟಿನೊಳಗೆ ಕರೆಂಟ್ ವೈರಿನ ಒಂದು ತಾಮ್ರದ ಎಳೆ ತೂರಿಸಿದ್ದಾನೆ. ತೂತು ಸಣ್ಣದಾದರೆ ಪೆಟ್ರೋಲ್ ಕಡಿಮೆ, ಎವರೇಜ್ ಜಾಸ್ತಿ. ಲೆಕ್ಕ ಕೇಳೋಕೆ ಚೆನ್ನಾಗಿದೆ ಅಲ್ವಾ?

ಕಾರ್ಬೊರೇಟರ್ ಅಂದರೆ ದೊಡ್ಡ ವಿದ್ಯೆ ಏನಲ್ಲ. ಹಿಂದೆ ತಿಗಣೆಗೆ ಔಷಧ ಹೊಡೆಯೋ ಫ್ಲಿಟ್ ಪಂಪ್ ಇತ್ತಲ್ಲ, ಅದೇ ತತ್ವ. ಇಕ್ಕಟ್ಟಾದ ದಾರಿಯಲ್ಲಿ ಗಾಳಿ ಜೋರಾಗಿ ನುಗ್ಗುವಾಗ ಅಲ್ಲಿ ಒತ್ತಡ ಇಳಿದು, ಕೆಳಗಿನ ಬಟ್ಟಲಿನ ಪೆಟ್ರೋಲ್ ಮೇಲೆದ್ದು ತುಂತುರಾಗಿ ಗಾಳಿಯ ಜತೆ ಹೋಗುತ್ತೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲ್ ಅದಕ್ಕಿಂತ ಹೆಚ್ಚಾದರೆ ಪ್ಲಗ್ ಕಾಡಿಗೆ ಹಿಡಿದು ಕಪ್ಪಾಗುತ್ತೆ, ತೀರಾ ಕಡಿಮೆಯಾದರೆ ಬೆಳ್ಳಗಾಗುತ್ತೆ, ಎಂಜಿನ್ ಕಾದು ಕೆಂಡ.

ಈಗ ಇನ್ನೊಂದು ತಿರುವು ನೋಡಿ. 2025ರ ಹೊತ್ತಿಗೆ ನಮ್ಮ ಬಂಕುಗಳಲ್ಲಿ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಯಿತು. ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡು ಬರುತ್ತೆ, ಅದಕ್ಕೆ ಗ್ರಾಂಗೆ ಸುಮಾರು 9 ಗ್ರಾಂ ಗಾಳಿ ಸಾಕು. ಅಂದರೆ ಅದೇ ಜೆಟ್ಟು, ಅದೇ ಗಾಳಿ ಇದ್ದರೂ ಮಿಶ್ರಣ ಮೊದಲಿಗಿಂತ ಬಡವಾಗಿರುತ್ತೆ. ಬಿಎಸ್-6 ನಿಯಮ ಬಂದ 2020ರ ನಂತರದ ಇಂಜೆಕ್ಷನ್ ಗಾಡಿಗಳು ಸೈಲೆನ್ಸರಿನಲ್ಲಿ ಕೂತ ಸೆನ್ಸರಿನ ಮಾತು ಕೇಳಿ ತಮ್ಮಷ್ಟಕ್ಕೆ ಸರಿಮಾಡಿಕೊಳ್ಳುತ್ತವೆ. ಕಾಕಾನ ಗಾಡಿಗೆ ಹೇಳುವವರು ಯಾರು? ಮೊದಲೇ ಅರೆಹೊಟ್ಟೆ, ಅದರ ಮೇಲೆ ಗಂಟಲಿಗೆ ತಂತಿ.

ಅಷ್ಟೇ ಆಗಿದ್ದರೆ ನಾನು ಇಷ್ಟು ಹಟ ಮಾಡ್ತಿರಲಿಲ್ಲ. ಯೆಜ್ಡಿಯಲ್ಲಿ ಆಯಿಲ್ ಬೆರೆಸೋದು ಪೆಟ್ರೋಲಿಗೇ. ಜೆಟ್ಟಿನಿಂದ ಪೆಟ್ರೋಲ್ ಎಷ್ಟು ಬರುತ್ತೋ ಆಯಿಲ್ ಕೂಡ ಅಷ್ಟೇ ಬರೋದು. ತೂತು ಕಿರಿದು ಮಾಡಿದರೆ ಶಾಖ ಏರುತ್ತೆ, ಅದೇ ಹೊತ್ತಿಗೆ ಜಾರಿಕೆ ಇಳಿಯುತ್ತೆ. ಅಲ್ಯೂಮಿನಿಯಂ ಪಿಸ್ಟನ್ ಉಬ್ಬಿ ಬೀಡಿನ ಸಿಲಿಂಡರಿಗೆ ಕಚ್ಚಿಕೊಂಡರೆ ಹಿಂದಿನ ಗಾಲಿ ಓಡುವಾಗಲೇ ನಿಂತುಬಿಡುತ್ತೆ. ಕಾಕಾ ಹೇಳಿದ "ಹಿಡಕೊಂಡಂಗ ಆಕ್ಕೈತಿ" ಅನ್ನೋದು ಅದರ ಮುನ್ಸೂಚನೆ.

"ತಮ್ಮಾ, ಪೆಟ್ರೋಲ್ ನೂರು ದಾಟೇತಿ. ನೀ ನೋಡಿದ್ರ ಇನ್ನಟು ಕುಡಸು ಅಂತಿ" ಅಂತ ಕಾಕಾ ಕೂತುಬಿಟ್ಟರು. ನಾನು 14.7 ಹೇಳಿದೆ, 9 ಹೇಳಿದೆ, ಕೇಳಲಿಲ್ಲ. ಕೊನೆಗೆ, "ಕಾಕಾ, ಹಿಂದ ಚಿಗವ್ವ ಕುಂತಿರ್ತಾಳ್ರಿ" ಅಂದೆ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಎದ್ದು ಹೋಗಿ ತಾವೇ ಪಾನಾ ಡಬ್ಬಿ ತಂದರು.

ಬೇವಿನ ಮರದ ಕೆಳಗೆ ಕೂತೆವು. ಪೆಟ್ರೋಲ್ ಕೆಲಸ ಬಯಲಲ್ಲೇ ಆಗಬೇಕು. ಕಾಕಾನ ಬೀಡಿಕಟ್ಟು ಕಟ್ಟೆಯ ಆಚೆ ಹೋಯ್ತು. ಕೆಳಗೆ ಪರಾತ ಇಟ್ಟು ಬಿಚ್ಚಿದರೆ ಒಂದು ಸ್ಪ್ರಿಂಗೂ ಕಳೆಯೋದಿಲ್ಲ. ತಾಮ್ರದ ಎಳೆಯನ್ನು ಚಿಮಟದಿಂದ ಎಳೆದೆ. ಜೆಟ್ ಹಿತ್ತಾಳೆಯದು, ಮೆತ್ತಗಿನ ಲೋಹ, ಪಿನ್ನು ಸೂಜಿ ಹಾಕಿ ಕೆದಕಿದರೆ ತೂತಿನ ಅಳತೆಯೇ ಕೆಡುತ್ತೆ. ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಸಾಕು.

ನಂತರ ನೀಡಲ್. ಅದರ ತಲೆಯಲ್ಲಿ ಗೆರೆಗಳಿವೆ, ಒಂದು ಗೆರೆಯಲ್ಲಿ ಸಣ್ಣ ಕ್ಲಿಪ್ಪು. ಕ್ಲಿಪ್ಪನ್ನು ಒಂದು ಗೆರೆ ಕೆಳಗಿಳಿಸಿದರೆ ನೀಡಲ್ ಮೇಲೇರುತ್ತೆ, ಪೆಟ್ರೋಲ್ ಹೆಚ್ಚುತ್ತೆ. ಒಂದೇ ಗೆರೆ ಇಳಿಸಿದೆ. ನೀಡಲ್ಲಿನ ಆಟ ಥ್ರಾಟಲ್ ಕಾಲು ಭಾಗದಿಂದ ಮುಕ್ಕಾಲಿನವರೆಗೆ. ಅದಕ್ಕಿಂತ ಮೇಲೆ ಮೇನ್ ಜೆಟ್ಟಿನದೇ ಕಾರುಬಾರು, ಅದಕ್ಕೆ ಹೊಸಪೇಟೆಯಿಂದ ಒಂದು ನಂಬರ್ ದೊಡ್ಡದು ತರಿಸಿದೆವು.

ರೊಯ್ ಅನ್ನೋ ರೋಗ ಮಾತ್ರ ಜೆಟ್ಟಿನದಲ್ಲ ಅಂತ ಬಿಚ್ಚುವ ಮೊದಲೇ ಗೊತ್ತಾಗಿತ್ತು. ಗಾಡಿ ಚಾಲೂ ಇಟ್ಟು, ಕಾರ್ಬೊರೇಟರ್ ಎಂಜಿನ್ನಿಗೆ ಕೂಡುವ ಜಾಗಕ್ಕೆ ನಾಲ್ಕು ಹನಿ ನೀರು ಬಿಟ್ಟಾಗ ಸದ್ದು ಬದಲಾಗಿತ್ತು. ಅಂದರೆ ಅಲ್ಲಿ ಗಾಳಿ ನುಸುಳುತ್ತಿದೆ. ವರ್ಷಗಟ್ಟಲೆ ನಟ್ಟು ಬಿಗಿದು ಬಿಗಿದು ಆ ಮುಖವೇ ಬಾಗಿಹೋಗಿತ್ತು. ಚಿಗವ್ವನ ಹಳೆ ಕನ್ನಡಿ ಇಸಿದುಕೊಂಡು, ಅದರ ಮೇಲೆ ಪಾಲಿಶ್ ಪೇಪರ್ ಹಾಸಿ, ಎಂಟಿನ ಆಕಾರದಲ್ಲಿ ತಿಕ್ಕಿದೆ. ಮುಖ ಪೂರ್ತಿ ಒಂದೇ ಹೊಳಪು ಬರೋವರೆಗೆ, ಸುಮಾರು ಮುಕ್ಕಾಲು ಗಂಟೆ. ಮನೆಯಲ್ಲಿ ಮಾಡಬಹುದಾದ ರಿಪೇರಿಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು. ಖರ್ಚು ಒಂದು ಪೇಪರಿನದು.

ಫ್ಲೋಟ್ ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಪೆಟ್ರೋಲ್ ಕುಲುಕುತ್ತಿತ್ತು. ಬಿಸಿನೀರಲ್ಲಿ ಮುಳುಗಿಸಿದಾಗ ಒಂದು ಕಡೆಯಿಂದ ಗುಳ್ಳೆ ಬಂತು, ಅಲ್ಲೇ ಗುರುತು ಹಾಕಿದೆ. ಒಳಗಿನದು ಪೂರ್ತಿ ಒಣಗಿದ ಮೇಲೆ ರೇಡಿಯೋ ರಿಪೇರಿಯವರ ಹತ್ತಿರ ಬೆಸುಗೆ ಹಾಕಿಸಿದ್ದಾಯ್ತು. ಬೆಸುಗೆ ಜಾಸ್ತಿಯಾದರೆ ಫ್ಲೋಟ್ ಭಾರವಾಗಿ ಪೆಟ್ರೋಲ್ ಮಟ್ಟ ಏರುತ್ತೆ, ಅದಕ್ಕೆ ಪಕ್ಕದಲ್ಲೇ ನಿಂತು ಸ್ವಲ್ಪ, ಸ್ವಲ್ಪ ಅಂತ ಅವರ ತಲೆ ತಿಂದೆ.

ಎಲ್ಲ ಜೋಡಿಸಿ ಗಂಗಾವತಿ ರಸ್ತೆಗೆ ಒಯ್ದೆ. ಜೋರಾಗಿ ಓಡಿಸಿ, ಕ್ಲಚ್ ಹಿಡಿದು, ಅದೇ ಕ್ಷಣಕ್ಕೆ ಎಂಜಿನ್ ಆಫ್ ಮಾಡಿ ಪ್ಲಗ್ ನೋಡಬೇಕು. ನಿಧಾನಕ್ಕೆ ಮನೆಗೆ ಬಂದು ನೋಡಿದರೆ ಪ್ಲಗ್ಗು ನಿಧಾನದ ಕಥೆಯನ್ನೇ ಹೇಳುತ್ತೆ. ಬೆಲ್ಲದ ಚಹಾದ ಬಣ್ಣ ಬಂದಿತ್ತು. ಕಾಕಾ ಹತ್ತಿ ಒಂದು ಸುತ್ತು ಹೋಗಿ ಬಂದರು, ಎರಡನೇ ಸುತ್ತಿಗೆ ಚಿಗವ್ವನ್ನ ಕೂರಿಸಿಕೊಂಡು ಹೋದರು. ಹಿಡಕೊಳ್ಳೋದು ನಿಂತಿದೆ.

ಎವರೇಜ್ ಎರಡು ಕಿಲೋಮೀಟರ್ ಇಳಿದಿದೆ. ಮನೆಗೆ ಬಂದವರಿಗೆಲ್ಲ ಕಾಕಾ ಮೊದಲು ಹೇಳೋದು ಅದನ್ನೇ. ಬೆಸುಗೆ ಹಾಕಿದ ಫ್ಲೋಟ್ ಎಷ್ಟು ದಿನ ಬಾಳುತ್ತೋ, ನಿಮ್ಮಲ್ಲಿ ಯಾರ ಅಟ್ಟದ ಮೇಲಾದರೂ ಯೆಜ್ಡಿಯ ಹಳೆ ಜಿಕೋವ್ ಕಾರ್ಬೊರೇಟರ್ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ನನಗೆ ಹೇಳಿ.